ಕೀಮೋ ಗುರುವಾರ, ರಜೆ ಶನಿವಾರ: ನಮ್ಮ ಮನೆಯ ಒಂಬತ್ತು ತಿಂಗಳು

ಬಯಾಪ್ಸಿ ರಿಪೋರ್ಟ್ ಬಂದ ದಿನ ರಾತ್ರಿ ನಾನು ಕೂತು ಎಣಿಸಿದ್ದು ರಜೆಗಳನ್ನು. ಇ.ಎಲ್. (ಗಳಿಕೆ ರಜೆ) 22, ಸಿ.ಎಲ್. (ಸಾಂದರ್ಭಿಕ ರಜೆ) 5, ಸಿಕ್ ಲೀವ್ 4. ಒಟ್ಟು 31. ಹೆಂಡತಿಗೆ ಸ್ತನ ಕ್ಯಾನ್ಸರ್ ಅಂತ ಮಧ್ಯಾಹ್ನ ಗೊತ್ತಾಗಿತ್ತು. ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ಕಟ್ಟೆ ಮೇಲೆ ಮಗಳ ರಫ್ ನೋಟ್‌ಬುಕ್ ಇಟ್ಟುಕೊಂಡು, ಈ 31 ದಿನ ಎಲ್ಲಿಯವರೆಗೆ ಬರುತ್ತದೆ ಅಂತ ನೋಡುತ್ತಿದ್ದೆ. ಅದು 2023ರ ಜೂನ್ ಕೊನೆ. ಚಿಕಿತ್ಸೆ ಮುಗಿದದ್ದು 2024ರ ಮಾರ್ಚ್ 18ಕ್ಕೆ.

ಆ 31 ದಿನಗಳಲ್ಲಿ ಹಲವನ್ನು ನಾನು ಬೇಡದ ದಿನಕ್ಕೆ ಖರ್ಚು ಮಾಡಿದೆ. ಇದನ್ನೆಲ್ಲ ಬರೆಯುತ್ತಿರುವುದೇ ಅದಕ್ಕೆ. ಇನ್ನೊಬ್ಬರು ಹಾಗೆ ಮಾಡದಿರಲಿ ಅಂತ.

ನಾನು ಪೀಣ್ಯದಲ್ಲಿ ಗಾಡಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. 14 ವರ್ಷದಿಂದ ಅಲ್ಲೇ. ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10, ರಾತ್ರಿ 10ರಿಂದ 6, ಹೀಗೆ ಮೂರು ಶಿಫ್ಟ್. ವಾರಕ್ಕೊಂದು ಬದಲಾಗುತ್ತದೆ. ದಾಸರಹಳ್ಳಿ ಹತ್ತಿರ ಬಾಡಿಗೆ ಮನೆ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಆಗ ಅವಳಿಗೆ 38, ನನಗೆ 43. ಮಗಳು 7ನೇ ಕ್ಲಾಸ್.

ಗಂಟು ಕೈಗೆ ಸಿಕ್ಕಿದ್ದು ಫೆಬ್ರವರಿಯಲ್ಲಿ. ಮನೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ತೋರಿಸಿದೆವು. ಈ ವಯಸ್ಸಿಗೆ ಇದು ಏನೂ ಅಲ್ಲ, ಹಾರ್ಮೋನ್ ವ್ಯತ್ಯಾಸ ಅಂತ ಮಾತ್ರೆ ಬರೆದುಕೊಟ್ಟರು. ಸ್ಕ್ಯಾನ್ ಹೇಳಲಿಲ್ಲ, ನಾವೂ ಕೇಳಲಿಲ್ಲ. ನೋವಿಲ್ಲ ಅಂತ ಅವಳೂ ಸುಮ್ಮನಾದಳು. ನೋವಿಲ್ಲದ ಗಂಟನ್ನೇ ಜಾಸ್ತಿ ಅನುಮಾನಿಸಬೇಕು ಅನ್ನುವುದು ನಮಗೆ ತಿಳಿದದ್ದು ನಾಲ್ಕು ತಿಂಗಳು ಹೋದ ಮೇಲೆ. ಆ ನಾಲ್ಕು ತಿಂಗಳು ಈಗಲೂ ನನ್ನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿದೆ.

ಆಮೇಲಿನ ಚಿಕಿತ್ಸೆ ಎಲ್ಲ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಯಿತು. ಎರಡನೇ ಹಂತ, ಹಾರ್ಮೋನ್ ಪಾಸಿಟಿವ್ (ಹಾರ್ಮೋನ್‌ನಿಂದ ಬೆಳೆಯುವ ಬಗೆ), ಹರ್‌ಟು ನೆಗೆಟಿವ್ (ಹರ್‌ಟು ಅನ್ನುವ ಪ್ರೋಟೀನ್ ಹೆಚ್ಚಿಲ್ಲದ್ದು). ಡಾಕ್ಟರ್ ಒಂದು ಬಿಳಿ ಹಾಳೆ ಮೇಲೆ ಸಾಲಾಗಿ ಬರೆದು ಕೊಟ್ಟರು. ಮೊದಲು ಆಪರೇಷನ್. ಆಮೇಲೆ 21 ದಿನಕ್ಕೊಂದರಂತೆ 4 ಕೀಮೋ. ನಂತರ ವಾರಕ್ಕೊಂದರಂತೆ 12 ಕೀಮೋ. ನಂತರ 15 ದಿನ ರೇಡಿಯೇಷನ್. ಅದಾದ ಮೇಲೆ ವರ್ಷಗಟ್ಟಲೆ ಮಾತ್ರೆ. ಆ ಹಾಳೆಯ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಕಾಯಿಲೆಯೇ ನಮಗೆ ಒಂದು ಕ್ಯಾಲೆಂಡರ್ ಕೊಟ್ಟಿತ್ತು. ನಾನು ಅದನ್ನು ಓದಿದೆ, ಆದರೆ ನನ್ನ ಶಿಫ್ಟ್ ಚಾರ್ಟ್ ಪಕ್ಕಕ್ಕೆ ಇಟ್ಟು ನೋಡಲಿಲ್ಲ.

ಜುಲೈ 18ಕ್ಕೆ ಆಪರೇಷನ್. ಅದಕ್ಕೆ 9 ರಜೆ ಹೋಯಿತು, ಅದು ಹೋಗಬೇಕಾದ್ದೇ. ಮನೆಗೆ ಬಂದಾಗ ಅವಳ ಪಕ್ಕೆಯಿಂದ ಒಂದು ನಳಿಗೆ, ಅದರ ತುದಿಗೆ ಪ್ಲಾಸ್ಟಿಕ್ ಡಬ್ಬಿ. ಗಾಯದ ನೀರು ಅದರಲ್ಲಿ ಇಳಿಯುತ್ತದೆ. ದಿನಾ ಬೆಳಿಗ್ಗೆ ಖಾಲಿ ಮಾಡಿ, ಎಷ್ಟು ಎಂ.ಎಲ್. ಅಂತ ಅಳೆದು ಬರೆದಿಡಬೇಕು. ಕೆಲಸದಲ್ಲಿ ಮೈಕ್ರಾನ್ ಅಳೆಯುವ ಕೈ ನನ್ನದು. ಮೊದಲ ದಿನ ಆ ಅಳತೆ ಲೋಟ ಹಿಡಿದುಕೊಂಡಾಗ ನಡುಗಿತು. 120, 95, 80, 60. ದಿನಕ್ಕೆ 30ಕ್ಕಿಂತ ಕಡಿಮೆಯಾದ ಮೇಲೆ ತೆಗೆಯುತ್ತೇವೆ ಅಂದಿದ್ದರು. 11ನೇ ದಿನ 25 ಬಂತು. ಅವತ್ತು ಅವಳು ನೋಟ್‌ಬುಕ್ ಇಸಿದುಕೊಂಡು ಆ 25ರ ಸುತ್ತ ತಾನೇ ಒಂದು ಸುತ್ತು ಹಾಕಿದಳು.

ಮೊದಲ ಕೀಮೋದಲ್ಲಿ ನಾನು ಮಾಡಿದ ತಪ್ಪು

ಆಗಸ್ಟ್ 17, ಗುರುವಾರ. ಕರ್ನಾಟಕದ ಮೂಲೆ ಮೂಲೆಯಿಂದ ಜನ ಬರುವ ಜಾಗ ಅದು, ಬೇಗ ಹೋಗಬೇಕು ಅಂತ ನಸುಕಿನಲ್ಲೇ ಹೊರಟೆವು. ಲಾಲ್‌ಬಾಗ್‌ವರೆಗೆ ಮೆಟ್ರೋ, ಅಲ್ಲಿಂದ ಆಟೋ. ಮೊದಲ ನಾಲ್ಕು ಕೀಮೋದಲ್ಲಿ ಒಂದು ಔಷಧಿ ಕೆಂಪಗಿರುತ್ತದೆ. ಅದು ಹೋದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ, ಹೆದರಬೇಡಿ ಅಂತ ನರ್ಸ್ ಮೊದಲೇ ಹೇಳಿದ್ದು ಒಳ್ಳೆಯದಾಯಿತು.

ನಾನು ಗುರುವಾರ, ಶುಕ್ರವಾರ ಎರಡು ದಿನ ರಜೆ ಹಾಕಿದ್ದೆ. ಎಲ್ಲರೂ ಹಾಗೇ ಯೋಚಿಸುತ್ತಾರೆ ಅಲ್ವಾ, ಕೀಮೋ ದಿನ ಮತ್ತು ಮಾರನೇ ದಿನ. ಆದರೆ ಆ ಎರಡೂ ದಿನ ಅವಳು ಚೆನ್ನಾಗೇ ಇದ್ದಳು. ವಾಂತಿ ತಡೆಯಲು ಕೊಡುವ ಔಷಧಿಯ ಜೊತೆ ಸ್ಟೀರಾಯ್ಡ್ ಕೂಡ ಇರುತ್ತದೆ, ಅದರ ಬಲದಲ್ಲಿ ಒಂದೆರಡು ದಿನ ಮನುಷ್ಯ ನಿಂತಿರುತ್ತಾನೆ. ಶುಕ್ರವಾರ ಎರಡು ಇಡ್ಲಿ ತಿಂದು, ಬಟ್ಟೆ ಮಡಚಿಟ್ಟಳು. ಇಷ್ಟೇನಾ ಅಂದುಕೊಂಡು ಶನಿವಾರ ಬೆಳಿಗ್ಗೆ 6ಕ್ಕೆ ನಾನು ಕೆಲಸಕ್ಕೆ ಹೋದೆ.

ಶನಿವಾರ ಬಿದ್ದಳು. ಮೂರನೇ ದಿನ, ನಾಲ್ಕನೇ ದಿನ, ಐದನೇ ದಿನ. ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕು. ನೀರು ಕುಡಿದರೆ ಕಬ್ಬಿಣದ ರುಚಿ ಅಂತ ಅದನ್ನೂ ಬಿಟ್ಟಳು. ನಾನು ಎರಡೂವರೆಗೆ ಮನೆಗೆ ಬಂದಾಗ ಮಗಳು ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಒದ್ದೆ ಬಟ್ಟೆ ಹಿಡಿದು ಮಂಚದ ಪಕ್ಕ ನಿಂತಿದ್ದಳು. 12 ವರ್ಷದ ಹುಡುಗಿ. ಭಾನುವಾರ ನಾನಿದ್ದೆ. ಸೋಮವಾರ ಮತ್ತೆ ರಜೆ ಕೇಳಲು ಮುಖ ಬರಲಿಲ್ಲ, ಹೋದೆ.

ಅಂದರೆ ರಜೆ ಬೇಕಿದ್ದದ್ದು ಶನಿವಾರ ಮತ್ತು ಸೋಮವಾರಕ್ಕೆ, ಮಧ್ಯೆ ಹೇಗೂ ಭಾನುವಾರ. ಎರಡು ರಜೆಯಲ್ಲಿ ಮೂರು ಕೆಟ್ಟ ದಿನವೂ ಮುಚ್ಚಿಹೋಗುತ್ತಿತ್ತು. ಗುರುವಾರ ಆಸ್ಪತ್ರೆಯಲ್ಲಿ ಪಕ್ಕಕ್ಕೆ ಕೂರಲು, ಔಷಧಿ ಚೀಟಿ ಹಿಡಿದು ಓಡಾಡಲು ಬೇರೆ ಯಾರಾದರೂ ಆಗುತ್ತದೆ. ಮನೆಯಲ್ಲಿ ಬಚ್ಚಲಿಗೆ ಕೈ ಹಿಡಿದು ಕರೆದುಕೊಂಡು ಹೋಗಲು ಗಂಡನೇ ಬೇಕು. ಎರಡನೇ ಕೀಮೋಗೆ ಹಾಗೇ ಮಾಡಿದೆವು. ಗುರುವಾರ ಭಾಮೈದ ಜೊತೆಗೆ ಹೋದ, ಶನಿವಾರದಿಂದ ನಾನು. ಎಲ್ಲರ ದೇಹ ಒಂದೇ ಥರ ಅಲ್ಲ, ಔಷಧಿಯೂ ಬೇರೆ ಬೇರೆ. ಮೊದಲ ಸುತ್ತಿನಲ್ಲಿ ಯಾವ ದಿನ ಹೇಗಿತ್ತು ಅಂತ ದಿನಾ ಒಂದು ಸಾಲು ಬರೆದಿಟ್ಟರೆ ಎರಡನೇ ಸುತ್ತು ಹೆಚ್ಚುಕಡಿಮೆ ಅದೇ ದಾರಿ ಹಿಡಿಯುತ್ತದೆ. ನಮ್ಮಲ್ಲಂತೂ ಹಾಗೇ ಆಯಿತು.

18ನೇ ದಿನ, ಸೆಪ್ಟೆಂಬರ್ 3ರ ಭಾನುವಾರ. ಎರಡು ದಿನದಿಂದ ದಿಂಬಿನ ಮೇಲೆ ಕೂದಲು ಹಿಡಿ ಹಿಡಿಯಾಗಿ ಸಿಗುತ್ತಿತ್ತು. ಅವಳ ಜಡೆ ಸೊಂಟದವರೆಗೆ ಇತ್ತು. "ರೀ, ನೀವೇ ತೆಗೀರಿ, ಪಾರ್ಲರ್‌ಗೆ ಬೇಡ" ಅಂದಳು. ಊರಿಂದ ಬಂದಿದ್ದ ಅತ್ತೆ ಬಾಗಿಲಲ್ಲಿ ನಿಂತು ಅತ್ತರು. ಮುತ್ತೈದೆ ತಲೆ ಬೋಳಿಸಬಾರದು, ಗಂಡನ ಕೈಯಲ್ಲಂತೂ ಬೇಡವೇ ಬೇಡ ಅಂತ. ಅವರ ಕಾಲದಲ್ಲಿ ಬೋಳು ತಲೆ ಅಂದರೆ ಏನು ಅಂತ ನಮಗೂ ಗೊತ್ತು, ಅದಕ್ಕೆ ಯಾರೂ ಅವರ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಹಿತ್ತಲಲ್ಲಿ ಸ್ಟೂಲ್ ಹಾಕಿ ಕೂರಿಸಿ, ಮೊದಲು ಜಡೆ ಹಾಗೇ ಕತ್ತರಿಸಿ ಮಗಳ ಕೈಗೆ ಕೊಟ್ಟೆ. ಆಮೇಲೆ ಟ್ರಿಮ್ಮರ್. ರೇಜರ್ ಮುಟ್ಟಲಿಲ್ಲ, ಗಾಯ ಆಗಬಾರದು. ಮುಗಿದ ಮೇಲೆ ಅವಳು ಎದ್ದು ಹೋಗಿ ಕನ್ನಡಿ ಮುಂದೆ ದಿನಕ್ಕಿಂತ ದೊಡ್ಡದಾಗಿ ಕುಂಕುಮ ಇಟ್ಟುಕೊಂಡು ಬಂದು, "ಅಮ್ಮಾ, ಈಗ ನೋಡು" ಅಂದಳು. ಅತ್ತೆ ತಮ್ಮ ಹಳೇ ಕಾಟನ್ ಸೀರೆಯಿಂದ ಅಂಚು ಬಿಟ್ಟು ಒಂದು ಚೌಕ ಹರಿದು ತಲೆಗೆ ಕಟ್ಟಿದರು.

ಲಾಕರ್‌ನಲ್ಲಿದ್ದ ಫೋನ್

ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದೊಳಗೆ ಬಿಳಿ ರಕ್ತಕಣ ತೀರಾ ಕೆಳಗೆ ಹೋಗುತ್ತದೆ. ಆಗ 100.4 ಜ್ವರ ಬಂದರೂ ಅದು ಸಾಮಾನ್ಯ ಜ್ವರ ಅಲ್ಲ, ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಬರಬೇಕು. ಮನೆಯಲ್ಲೇ ಪ್ಯಾರಾಸಿಟಮಾಲ್ ಕೊಟ್ಟು ಕಾಯಬಾರದು. ಇದೆಲ್ಲ ಚೀಟಿಯಲ್ಲಿ ಇತ್ತು, ಫ್ರಿಜ್ ಮೇಲೆ ಅಂಟಿಸಿಯೂ ಇದ್ದೆ. ಥರ್ಮಾಮೀಟರ್ ತಂದಿಟ್ಟಿದ್ದೆ.

ಯೋಚಿಸದೆ ಬಿಟ್ಟದ್ದು ಒಂದೇ. ನಮ್ಮ ಕಾರ್ಖಾನೆ ಒಳಗೆ ಫೋನ್ ಬಿಡುವುದಿಲ್ಲ. ಲಾಕರ್‌ನಲ್ಲಿ ಇಟ್ಟು ಹೋಗಬೇಕು.

ಸೆಪ್ಟೆಂಬರ್ 16, ಶನಿವಾರ, ಎರಡನೇ ಕೀಮೋದ ಹತ್ತನೇ ದಿನ. ನಾನು ಮಧ್ಯಾಹ್ನದ ಶಿಫ್ಟಿನಲ್ಲಿದ್ದೆ. ಗೌರಿ ಹಬ್ಬ ಹತ್ತಿರ ಬಂತು ಅಂತ ಅತ್ತೆ ಊರಿಗೆ ಹೋಗಿದ್ದರು. ಎಂಟು ಗಂಟೆಗೆ ಜ್ವರ 101. ಮಗಳು ನನಗೆ ಒಂಬತ್ತು ಸಲ ಫೋನ್ ಮಾಡಿದ್ದಾಳೆ. ಗಾಬರಿಯಾಗಿ ಪಕ್ಕದ ಮನೆಯವರನ್ನು ಕರೆದಳು. ಅವರು ಒಳ್ಳೇ ಮನಸ್ಸಿನಿಂದಲೇ ಒಂದು ಜ್ವರದ ಮಾತ್ರೆ ಕೊಟ್ಟರು. ಜ್ವರ ಇಳಿಯಿತು, ಎಲ್ಲರೂ ನಿರಾಳವಾದರು. ನಾನು 10.10ಕ್ಕೆ ಲಾಕರ್ ತೆಗೆದು ಆ ಒಂಬತ್ತು ಕರೆ ನೋಡಿದೆ. ಮನೆ ಮುಟ್ಟುವಷ್ಟರಲ್ಲಿ ಅವಳಿಗೆ ಚಳಿ ನಡುಕ ಶುರುವಾಗಿತ್ತು, ಎರಡು ರಗ್ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಆಸ್ಪತ್ರೆ ತಲುಪಿದಾಗ ಹನ್ನೊಂದು ಮುಕ್ಕಾಲು. ಬಿಳಿ ರಕ್ತಕಣ 900. ಆರೋಗ್ಯವಂತರಿಗೆ 4,000ದ ಮೇಲಿರಬೇಕು. ನಾಲ್ಕು ದಿನ ಡ್ರಿಪ್‌ನಲ್ಲಿ ಆ್ಯಂಟಿಬಯೋಟಿಕ್ ಹೋಯಿತು. ಗೌರಿ ಹಬ್ಬ, ಗಣಪತಿ ಹಬ್ಬ ಎರಡೂ ವಾರ್ಡಿನಲ್ಲೇ. ಮೂರನೇ ಕೀಮೋ ಒಂದು ವಾರ ಮುಂದಕ್ಕೆ ಹೋಯಿತು.

ಅಲ್ಲಿಂದ ವಾಪಸ್ ಬಂದು ಎರಡನೇ ದಿನಕ್ಕೆ ನನಗೆ ರಾತ್ರಿ ಶಿಫ್ಟ್. ಬೆಳಗಿನ ಜಾವ ನಾಲ್ಕು ಗಂಟೆಗೆ ರಂಧ್ರದ ಅಳತೆ ನೋಡುವ ಪ್ಲಗ್ ಗೇಜ್ ಹಾಕಿ ಪೀಸ್ ನೋಡುತ್ತಿದ್ದೆ. ಅದರ ಒಂದು ತುದಿ ನೋ ಗೋ, ಅದು ಒಳಗೆ ಹೋಗಬಾರದು, ಹೋದರೆ ಆ ಪೀಸ್ ರಿಜೆಕ್ಟ್. ನೋಡಿದ್ದು ನೆನಪಿದೆ, ಏನು ನೋಡಿದೆ ಅನ್ನುವುದು ನೆನಪಿಲ್ಲ. 400 ಪೀಸಿನ ಲಾಟ್ ಸಹಿ ಹಾಕಿ ಬಿಟ್ಟೆ. ಮೂರು ದಿನದಲ್ಲಿ ಕಸ್ಟಮರ್ ಕಡೆಯಿಂದ ವಾಪಸ್ ಬಂತು, ಜೊತೆಗೆ ನನಗೆ ಮೆಮೊ.

ಸೂಪರ್‌ವೈಸರ್ ಕೂರಿಸಿಕೊಂಡು ಕೇಳಿದರು: "ಏನಪ್ಪಾ, 14 ವರ್ಷದಲ್ಲಿ ಒಂದು ಲಾಟ್ ತಪ್ಪಿಸಿದವನಲ್ಲ ನೀನು. ಏನಾಗಿದೆ?"

ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ. "ಮನೇಲಿ ಹುಷಾರಿಲ್ಲ ಸರ್", ಅಷ್ಟೇ. ಅದಕ್ಕೆ ಎರಡು ಕಾರಣ. ಮುಂದಿನ ವರ್ಷ ಬರಬೇಕಿದ್ದ ಪ್ರಮೋಷನ್ ತಪ್ಪುತ್ತದೆ ಅನ್ನುವ ಭಯ ಒಂದು. ಇನ್ನೊಂದು ಹೇಳಲು ಕಷ್ಟ, ಆದರೂ ಹೇಳುತ್ತೇನೆ. ನನ್ನ ಹೆಂಡತಿಯ ಎದೆಯಲ್ಲಿ ಕಾಯಿಲೆ ಅಂತ ಗಂಡಸರ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಆಗಿರಲಿಲ್ಲ. ಆ ನಾಚಿಕೆಗೆ ಬೆಲೆ ಕೊಟ್ಟದ್ದು ಅವಳು, ಆ ಶನಿವಾರ ರಾತ್ರಿ. ಮೊದಲೇ ಹೇಳಿದ್ದರೆ ಗೇಟಿನ ಲ್ಯಾಂಡ್‌ಲೈನ್ ನಂಬರ್ ಮಗಳ ಕೈಯಲ್ಲಿ ಇರುತ್ತಿತ್ತು.

ಅವತ್ತು ಎಲ್ಲ ಹೇಳಿದೆ. ಮನೆಗೆ ಬಂದು ಡಾಕ್ಟರ್ ಕೊಟ್ಟ ಹಾಳೆಯನ್ನು ಶಿಫ್ಟ್ ಚಾರ್ಟ್ ಪಕ್ಕ ಇಟ್ಟು, ಫೆಬ್ರವರಿವರೆಗಿನ ತಾರೀಖುಗಳನ್ನೆಲ್ಲ ಒಂದು ಅರ್ಜಿಯಲ್ಲಿ ಬರೆದೆ. ಸಹಕಾರ ಕೊಡಿ ಅಂತ ಬರೆಯಲಿಲ್ಲ, ಯಾಕೆಂದರೆ ಹಾಗೆ ಕೇಳಿದರೆ ಆಗಲಿ ಅನ್ನುತ್ತಾರೆ, ಆದರೆ ಏನು ಕೊಡಬೇಕು ಅಂತ ಅವರಿಗೂ ತಿಳಿಯುವುದಿಲ್ಲ. ನಾನು ಕೇಳಿದ್ದು ಇಷ್ಟು: ಕೀಮೋ ಮುಗಿಯುವವರೆಗೆ ರಾತ್ರಿ ಶಿಫ್ಟ್ ಬೇಡ, ಈ ಈ ಶನಿವಾರ ಸೋಮವಾರ ರಜೆ ಬೇಕು, ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಫೋನ್ ಕ್ಯೂ.ಸಿ. (ಗುಣಮಟ್ಟ ಪರೀಕ್ಷೆ) ರೂಮಿನಲ್ಲಿ ಮೇಜಿನ ಮೇಲೆ ಇಟ್ಟುಕೊಳ್ಳಲು ಒಪ್ಪಿಗೆ ಬೇಕು. ಮೂರೂ ಸಿಕ್ಕಿತು. ರಾತ್ರಿ ಶಿಫ್ಟನ್ನು ಇಬ್ಬರು ಸಹೋದ್ಯೋಗಿಗಳು ಹಂಚಿಕೊಂಡರು. ಅವರ ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟ ಆಗುವುದಿಲ್ಲ. ನಮ್ಮ ಮನೆಯಲ್ಲಿ ದೇವರ ದೀಪ ಹಚ್ಚುವಾಗ ಅವರನ್ನು ನೆನೆಯುತ್ತೇವೆ.

ಕಾನೂನಿನ ಕಡೆಯಿಂದ ಹೇಳುವುದಾದರೆ, ಖಾಸಗಿ ಕೆಲಸದವರಿಗೆ ಹೆಂಡತಿ ಅಥವಾ ಗಂಡನ ಕಾಯಿಲೆ ನೋಡಿಕೊಳ್ಳಲು ಅಂತಲೇ ಪ್ರತ್ಯೇಕ ರಜೆ ನಮ್ಮಲ್ಲಿ ಇಲ್ಲ. ಕಾರ್ಖಾನೆಯಲ್ಲಿ 20 ದಿನ ದುಡಿದರೆ ಒಂದು ಇ.ಎಲ್., ಅಷ್ಟೇ. ಇರುವುದನ್ನು ಕೂಡಿಟ್ಟು ಎಣಿಸಿ ಖರ್ಚು ಮಾಡಬೇಕು. ನನಗೆ ಕೊನೆಗೆ 11 ದಿನ ಸಂಬಳ ಕಟ್ ಆಯಿತು.

ದುಡ್ಡಿನ ವಿಷಯ

ನನ್ನ ಸಂಬಳ 34,000. ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆ) ಸಿಗಲು ಸಂಬಳದ ಮಿತಿ ಆಗ 21,000, ನಾನು ಅದನ್ನು ದಾಟಿ ವರ್ಷಗಳಾಗಿತ್ತು. ಅದರೊಳಗೆ ಇರುವವರಿಗೆ ಮನೆಯವರ ಚಿಕಿತ್ಸೆಯೂ ಅದರಲ್ಲೇ ಸೇರುತ್ತದೆ, ಇ.ಎಸ್.ಐ. ಕಾರ್ಡ್ ಇದ್ದವರು ಮೊದಲು ಅದನ್ನೇ ವಿಚಾರಿಸಿ. ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ರಾಯಚೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ, ತ್ರೀ ಎ.ಸಿ.ಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಬರುವವರಿಗೆ ಶೇ 75 ರಿಯಾಯಿತಿ ಅಂತ ತಿಳಿದದ್ದು ಅವರಿಂದ.

ಕಂಪನಿಯ ಮೆಡಿಕ್ಲೇಮ್ ನಮಗೆ 2 ಲಕ್ಷ ಇತ್ತು. ಕೀಮೋಗೆ 24 ಗಂಟೆ ಅಡ್ಮಿಟ್ ಆಗಬೇಕಿಲ್ಲ, ಡೇ ಕೇರ್ ಲೆಕ್ಕದಲ್ಲಿ ಸಿಗುತ್ತದೆ. ಇದು ಗೊತ್ತಿಲ್ಲದೆ ಮೊದಲ ಎರಡು ಕೀಮೋ ಬಿಲ್ ನಾನು ಕಳಿಸಿರಲೇ ಇಲ್ಲ. ಇನ್ನು ಪಿ.ಎಫ್. ಮನೆಯವರ ಕ್ಯಾನ್ಸರ್ ಚಿಕಿತ್ಸೆಗೆ ಅಡ್ವಾನ್ಸ್ ತೆಗೆಯಬಹುದು, ಇಷ್ಟು ವರ್ಷ ಸರ್ವಿಸ್ ಆಗಿರಬೇಕು ಅನ್ನುವ ಷರತ್ತೂ ಇದಕ್ಕೆ ಇರಲಿಲ್ಲ. ಆಗಿನ ನಿಯಮದಲ್ಲಿ ಆರು ತಿಂಗಳ ಬೇಸಿಕ್ ಮತ್ತು ಡಿ.ಎ., ಇಲ್ಲವೇ ನಮ್ಮ ಪಾಲಿನ ಹಣ ಮತ್ತು ಬಡ್ಡಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಫಾರಂ 31 ಆನ್‌ಲೈನ್‌ನಲ್ಲೇ ಹಾಕಿದೆ, 1 ಲಕ್ಷ 2 ಸಾವಿರ ಬಂತು. ಅವಳ ಬಳೆ ಅಡವಿಡಲು ತೆಗೆದಿಟ್ಟಿದ್ದೆವು. ಮತ್ತೆ ಬೀರುವಿಗೆ ಹೋಯಿತು.

ಮೂರನೇ ಕೀಮೋದಿಂದ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಸೇರಿಸಿದರು. ಮಾರನೇ ದಿನದಿಂದ ಐದು ದಿನ, ದಿನಕ್ಕೊಂದು. ಫ್ರಿಜ್‌ನಲ್ಲೇ ಇಡಬೇಕು. ಬೀದಿ ಕೊನೆಯ ಕ್ಲಿನಿಕ್‌ನ ಸಿಸ್ಟರ್ ಮನೆಗೇ ಬಂದು ಹಾಕಿ ಹೋಗುತ್ತಿದ್ದರು. ಸೊಂಟದ ಮೂಳೆ ನೋಯುತ್ತದೆ ಅನ್ನುತ್ತಿದ್ದಳು, ಆದರೆ ಮತ್ತೆ ಜ್ವರ ಬರಲಿಲ್ಲ.

"ನಾನು ಫೈಲ್ ಅಲ್ಲ ರೀ"

ಅಕ್ಟೋಬರ್ ಹೊತ್ತಿಗೆ ನಾನು ಎಲ್ಲದರಲ್ಲೂ ಪಕ್ಕಾ ಆಗಿದ್ದೆ. ನೋಟ್‌ಬುಕ್, ಮಾತ್ರೆ ಡಬ್ಬಿ, ಅಲಾರಂ. ಮನೆಗೆ ಬರುವ ನೆಂಟರಿಗೆ ಬಾಗಿಲಲ್ಲೇ ಕೈ ತೊಳೆಸುತ್ತಿದ್ದೆ, ಕೆಮ್ಮು ಇದ್ದವರನ್ನು ವಾಪಸ್ ಕಳಿಸಿ ಇಬ್ಬರ ಜೊತೆ ಮಾತು ಬಿಟ್ಟಿತ್ತು. ಕೋಸಂಬರಿ ಬೇಡ, ಹೊರಗಿನ ಪಾನಿಪೂರಿ ಬೇಡ. ಸಾಸಿವೆ ಸಿಡಿದ ವಾಸನೆಗೆ ಅವಳಿಗೆ ವಾಂತಿ ಬರುತ್ತದೆ ಅಂತ ಮನೆಯಲ್ಲಿ ಒಗ್ಗರಣೆಯೇ ನಿಲ್ಲಿಸಿದ್ದೆ. ಬಾಯಿ ಹುಣ್ಣಿಗೆ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕು ಸಲ ಬಾಯಿ ಮುಕ್ಕಳಿಸಲು ನಾನೇ ಮುಂದೆ ನಿಂತು ಕೊಡುತ್ತಿದ್ದೆ.

ಆಯುಧ ಪೂಜೆ ದಿನ, ಅಕ್ಟೋಬರ್ 23. ಮೂರನೇ ಕೀಮೋ ಆಗಿ 19ನೇ ದಿನ. ಪ್ರತಿ ಸುತ್ತಿನ ಮೂರನೇ ವಾರ ಅವಳು ಹೆಚ್ಚುಕಡಿಮೆ ಮೊದಲಿನ ಹಾಗೇ ಇರುತ್ತಿದ್ದಳು. ಹೊಲಿಗೆ ಯಂತ್ರ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಹೂ ಇಟ್ಟು, ಕಾಫಿ ಮಾಡಲು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋಗಿ, ನೀನು ಕೂತ್ಕೋ, ನಾನು ಮಾಡ್ತೀನಿ ಅಂತ ಪಾತ್ರೆ ಕೈಯಿಂದ ತೆಗೆದುಕೊಂಡೆ. ಅವಳು ಕೊಡಲಿಲ್ಲ.

"ನಾನು ನಿಮ್ಮ ಫೈಲ್ ಅಲ್ಲ ರೀ. ಮೂರು ತಿಂಗಳಿಂದ ನೀವು ನನ್ನ ಹತ್ತಿರ ಜ್ವರ ಎಷ್ಟು, ಮೋಷನ್ ಆಯ್ತಾ, ಮಾತ್ರೆ ತಗೊಂಡ್ಯಾ ಅಂತ ಬಿಟ್ರೆ ಬೇರೆ ಏನು ಮಾತಾಡಿದ್ದೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜವಾಗಿಯೂ ಮಾತಾಡಿರಲಿಲ್ಲ. ಕೆಲಸ ಮಾಡುತ್ತಿದ್ದರೆ ಹೆದರಿಕೆ ಹತ್ತಿರ ಬರುವುದಿಲ್ಲ, ಅದಕ್ಕೇ ನಾನು ಕೆಲಸ ಬಿಡುತ್ತಿರಲಿಲ್ಲ. ಅವತ್ತು ಅವಳು ಮಾಡಿದ ಕಾಫಿ ಕುಡಿದೆವು. ಎಂದಿನಂತೆ ಡಿಕಾಕ್ಷನ್ ಜಾಸ್ತಿ. ಅವಳಿಗೆ ರುಚಿ ಗೊತ್ತಾಗುತ್ತಿರಲಿಲ್ಲ, ನಾನು ಹೇಳಬೇಕಿತ್ತು. ಹೇಗಿದೆ ಅಂತ ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಜೂನ್‌ನಿಂದ ಅದೇ ಮೊದಲ ಸಲ ಅವಳ ಮುಂದೆ ಅತ್ತದ್ದು. ಅವಳು ನನ್ನ ಬೆನ್ನು ಸವರಿದಳು. ಅವತ್ತಿನಿಂದ ಒಳ್ಳೇ ವಾರದಲ್ಲಿ ನೋಟ್‌ಬುಕ್ ಅವಳ ಹತ್ತಿರವೇ ಇರುವುದು ಅಂತ ಆಯಿತು. ಒಗ್ಗರಣೆಯೂ ಆ ವಾರದಲ್ಲಿ ವಾಪಸ್ ಬಂತು.

ನವೆಂಬರ್ 16ರಿಂದ ವಾರಕ್ಕೊಂದರಂತೆ 12 ಗುರುವಾರ. ಆರಕ್ಕೆ ನಾನು ಹೋದೆ, ನಾಲ್ಕಕ್ಕೆ ಭಾಮೈದ, ಎರಡಕ್ಕೆ ತಿಪಟೂರಿನಿಂದ ನಾದಿನಿ ಬಂದಳು. ಈ ಔಷಧಿಯಲ್ಲಿ ವಾಂತಿ ಕಡಿಮೆ, ಆದರೆ ಬೆರಳ ತುದಿ ಜೋಮು ಹಿಡಿಯುತ್ತದೆ. ಐದಾರು ವಾರ ಕಳೆದ ಮೇಲೆ ಅವಳಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಸೂಜಿ ಬೆರಳಲ್ಲಿ ಇದೆಯೋ ಬಿದ್ದಿದೆಯೋ ಅಂತಲೇ ತಿಳಿಯುತ್ತಿರಲಿಲ್ಲ. ಡಾಕ್ಟರಿಗೆ ಹೇಳಿ, ಇದನ್ನು ಮುಚ್ಚಿಡಬೇಡಿ. ಜಾಸ್ತಿಯಾದರೆ ಅವರು ಡೋಸ್ ಕಡಿಮೆ ಮಾಡುತ್ತಾರೆ. ಅವಳಿಗೂ ಮಾಡಿದರು.

ಹಬ್ಬಕ್ಕೆ ಒಪ್ಪಿಕೊಂಡಿದ್ದ ಬ್ಲೌಸುಗಳು ಹಾಗೇ ಉಳಿದಿದ್ದವು. ಹುಕ್ಸ್ ಹಾಕುವುದು, ಹೆಮ್ಮಿಂಗ್, ಕೈ ಕೆಲಸವೇ ಬಾಕಿ. ಬಿಡು, ಯಾರೂ ಕೇಳುತ್ತಿಲ್ಲ ಅಂದೆ ನಾನು. ಅವಳು ಬಿಡಲಿಲ್ಲ. ಮಗಳು ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮೊದಲು ಇಪ್ಪತ್ತು ಸೂಜಿಗೆ ದಾರ ಪೋಣಿಸಿ, ಕೆಂಪು, ಹಸಿರು, ನೀಲಿ ಅಂತ ಸಾಲಾಗಿ ಒಂದು ಹಳೇ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಸಂಜೆ ಎಷ್ಟು ಸೂಜಿ ಖಾಲಿಯಾಗಿದೆ ಅಂತ ನೋಡಿದರೆ ಆ ದಿನ ಹೇಗಿತ್ತು ಅಂತ ನಮಗೆ ಗೊತ್ತಾಗುತ್ತಿತ್ತು. ಕೆಲವು ದಿನ ಎರಡು. ಒಂದು ದಿನ ಹದಿನಾಲ್ಕು.

ರೇಡಿಯೇಷನ್ ಫೆಬ್ರವರಿ 26ಕ್ಕೆ ಶುರು. ಸೋಮವಾರದಿಂದ ಶುಕ್ರವಾರ, ದಿನಾ. ನಾನು ಮಧ್ಯಾಹ್ನದ ಶಿಫ್ಟನ್ನೇ ಮೂರು ವಾರ ಕೇಳಿ ತೆಗೆದುಕೊಂಡೆ. ಬೆಳಿಗ್ಗೆ ಆಸ್ಪತ್ರೆ, ಎರಡಕ್ಕೆ ಕೆಲಸ, ಒಂದೂ ರಜೆ ಖರ್ಚಾಗಲಿಲ್ಲ. ಇದರ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಸುಸ್ತು ಇತ್ತು, ಚರ್ಮ ಕಪ್ಪಾಯಿತು, ಮುಗಿಯಿತು.

ಈಗ ದಿನಾ ರಾತ್ರಿ ಊಟ ಆದ ಮೇಲೆ ಒಂದು ಹಾರ್ಮೋನ್ ಮಾತ್ರೆ. ಐದು ವರ್ಷವಾದರೂ ತೆಗೆದುಕೊಳ್ಳಬೇಕು. ಎಡಗೈಯಲ್ಲಿ ಬಿ.ಪಿ. ನೋಡಿಸಬೇಡಿ, ಭಾರ ಎತ್ತಬೇಡಿ ಅಂದಿದ್ದಾರೆ, ಆಪರೇಷನ್ ಆ ಕಡೆ ಆದದ್ದಕ್ಕೆ. ಕೂದಲು ಬಂದಿದೆ, ಮೊದಲು ನೇರ ಇದ್ದದ್ದು ಈಗ ಗುಂಗುರು. ಬೆರಳ ಜೋಮು ಪೂರ್ತಿ ಹೋಗಿಲ್ಲ. ಸೂಜಿಗೆ ಒಂದೊಂದು ದಿನ ಅವಳೇ ದಾರ ಪೋಣಿಸುತ್ತಾಳೆ, ಒಂದೊಂದು ದಿನ ಮಗಳನ್ನು ಕರೆಯುತ್ತಾಳೆ. ಮುಂದಿನ ಚೆಕಪ್‌ಗೆ ಅರ್ಧ ದಿನ ರಜೆ ಬರೆದುಕೊಟ್ಟು ಬಂದಿದ್ದೇನೆ.